ನಮ್ಮಪ್ಪನ ತಮ್ಮನಾದ ಡ್ರೈವರ್ ಕಾಕಾ

ಮೊನ್ನೆ ಸವಣೂರು ಸ್ಟ್ಯಾಂಡಿನಲ್ಲಿ ಬಸ್ಸು ಇನ್ನೂ ಪೂರ್ತಿ ನಿಂತಿರಲಿಲ್ಲ, ಕಿಟಕಿಯಿಂದ ಒಂದು ಟವೆಲ್ಲು ಹಾರಿ ಬಂದು ಡ್ರೈವರ್ ಹಿಂದಿನ ಸೀಟಿನ ಮೇಲೆ ಬಿತ್ತು. ಸೀಟು ಹಿಡಿಯುವ ಈ ಪದ್ಧತಿ ನಮ್ಮ ಕಡೆ ಹೊಸದೇನಲ್ಲ. ಹೆಂಗಸರಿಗೆ ಬಸ್ಸು ಫ್ರೀ ಆದ ಮೇಲಂತೂ ಟವೆಲ್ಲು, ಕರ್ಚೀಫು, ಕಾಯಿಪಲ್ಲೆ ಚೀಲ, ಒಮ್ಮೊಮ್ಮೆ ಕೂಸನ್ನೂ ಕಿಟಕಿಯಿಂದಲೇ ಒಳಗೆ ಇಳಿಸುತ್ತಾರೆ. ನಾನು ಕಂಡಕ್ಟರ್, ಇಂಥ ಜಗಳ ಬಿಡಿಸಿ ಬಿಡಿಸಿ ನನ್ನ ಗಂಟಲು ಗಂಡಸರ ಗಂಟಲಾಗಿದೆ. ಅವತ್ತೂ ಟವೆಲ್ಲು ಒಗೆದವನಿಗೂ ಮೊದಲೇ ಬಂದು ಕುಳಿತವಳಿಗೂ ಹತ್ತಿಕೊಂಡಿತು. "ಯಾರದಿದು?" ಎಂದು ಜೋರು ಮಾಡುತ್ತ ಟವೆಲ್ಲನ್ನು ಕೈಗೆತ್ತಿಕೊಂಡೆ. ಹಸಿರು ಅಂಚು. ಡೀಸೆಲ್ಲಿನ ವಾಸನೆ, ಅದರೊಳಗೆ ಎಲೆ, ಸುಣ್ಣ, ತಂಬಾಕಿನ ವಾಸನೆ... ಬಾಯಿಗೆ ಬಂದಿದ್ದ ಬೈಗುಳ ಅಲ್ಲೇ ನಿಂತುಬಿಟ್ಟಿತು.

ಅದೇ ಸೀಟಿನ ಮೇಲೆ ದಿನಾ ಬೆಳಿಗ್ಗೆ ತಮ್ಮ ಟವೆಲ್ಲು ಹಾಸಿ, ಇನ್ನೊಬ್ಬರು ಕೂರದಂತೆ ಕಾಯುತ್ತಿದ್ದವರು ಒಬ್ಬರಿದ್ದರು. ನಾವೆಲ್ಲ ಅವರನ್ನು ಡ್ರೈವರ್ ಕಾಕಾ ಎನ್ನುತ್ತಿದ್ದೆವು.

ಹತ್ತು ವರ್ಷದ ಮೇಲಾಯಿತು. ನಾನಾಗ ಹಾನಗಲ್ಲಿನಿಂದ ಶಿಗ್ಗಾವಿ ಮೇಲೆ ಸವಣೂರಿಗೆ ಹೋಗಿ ಬರುವ ಗಾಡಿಯ ಕಂಡಕ್ಟರ್, ಕಾಕಾ ಅದರ ಡ್ರೈವರ್. ಗಂಡ ಗ್ಯಾರೇಜಿಗೆ, ಮಗಳು ಶಾಲೆಗೆ, ನಾನು ಡ್ಯೂಟಿಗೆ, ಮನೆಯಲ್ಲಿ ಅಪ್ಪ. ಅವ್ವ ತೀರಿಕೊಂಡ ಮೇಲೆ ಅವನನ್ನು ಹಿರೇಬೆಂಡಿಗೇರಿಯಿಂದ ನಾನೇ ಕರೆತಂದಿದ್ದೆ. ಒಬ್ಬಳೇ ಮಗಳು, ಇನ್ಯಾರು ನೋಡಬೇಕು? ಅಷ್ಟೊತ್ತಿಗೆ ಅಪ್ಪನಿಗೆ ಮರವು ಹತ್ತಿತ್ತು. ಉಂಡದ್ದು ಮರೆಯುತ್ತಿದ್ದ, ನನ್ನ ಹೆಸರು ಮರೆಯುತ್ತಿದ್ದ, ಅವ್ವ ಹೋದದ್ದನ್ನೂ ಮರೆತಿದ್ದ. ಆದರೆ ಮಗಳ ಮನೆಯಲ್ಲಿ ಬಹಳ ದಿನ ಕೂಳು ತಿನ್ನಬಾರದು ಎನ್ನುವುದೊಂದನ್ನು ಮಾತ್ರ, ನೋಡಿ, ಮರೆಯಲಿಲ್ಲ. ಬೆಳಗಾಯಿತೆಂದರೆ ಪಟಗ ಸುತ್ತಿಕೊಂಡು, ಚಪ್ಪಲಿ ಮೆಟ್ಟಿಕೊಂಡು, "ನಾ ಊರಿಗೆ ಹೊಂಟೆ" ಎಂದು ಎದ್ದೇಬಿಡುತ್ತಿದ್ದ.

ಬಾಜೂ ಮನೆಯವರಿಗೆ ನೋಡಿಕೊಳ್ಳಲು ಹೇಳಿದೆ. ಅವರಾದರೂ ಎಷ್ಟಂತ ನೋಡಿಯಾರು? ಒಮ್ಮೆ ದನದ ಸಂತೆಯಲ್ಲಿ ಸಿಕ್ಕ, ಇನ್ನೊಮ್ಮೆ ಕೆರೆಯ ದಂಡೆಯಲ್ಲಿ. ಬಾಗಿಲಿಗೆ ಕೀಲಿ ಹಾಕಿಕೊಂಡು ಹೋದ ದಿನ ಒಳಗಿನಿಂದ ಬಡಿದು ಬಡಿದು ಕೈ ಬಾವು ಬರಿಸಿಕೊಂಡಿದ್ದ. ಆ ಕೈಗೆ ಅರಿಶಿನ ಹಚ್ಚುತ್ತಲೇ ನೌಕರಿ ಬಿಡಬೇಕೆಂದು ನಿಶ್ಚಯಿಸಿದೆ. ಮರುದಿನ ಬೆಳಿಗ್ಗೆ ಡಿಪೋದಲ್ಲಿ ನನ್ನ ಮುಖ ನೋಡಿ ಕಾಕಾ ಕೇಳಿದರು. ಹೇಳಿದೆ. ಅವರು ಎಲೆಗೆ ಸುಣ್ಣ ಸವರುತ್ತ, "ಅವರಿಗೆ ಊರಿಗೆ ಹೋಗೂದೈತಿ ಹೌದಲ್ಲ? ಬಸ್ಸಿನ್ಯಾಗ ಕುಂದ್ರಸು. ಹೊಂಟೇನಿ ಅಂತ ಅನಸ್ತದ, ಸುಮ್ಮನ ಇರ್ತಾರ. ಟಿಕೀಟು ತಗೀ, ಯಾರು ಏನಂತಾರ?" ಎಂದರು.

ಇಷ್ಟು ಸರಳ ಉಪಾಯ ನನಗೇಕೆ ಹೊಳೆಯಲಿಲ್ಲವೋ. ಮೊದಲನೇ ದಿನ ಅಪ್ಪನ ಕೈಹಿಡಿದು ಹತ್ತಿಸಿದೆ. ಸ್ಟೇರಿಂಗ್ ಹಿಂದೆ ಕುಳಿತಿದ್ದ ಕಾಕಾನನ್ನು ಅಪ್ಪ ನೋಡಿಯೇ ನೋಡಿದ. ದಪ್ಪ ಮೀಸೆ, ಗಡಸು ಮುಖ, ಕೊರಳಲ್ಲಿ ಹಸಿರು ಅಂಚಿನ ಟವೆಲ್ಲು. ಅಪ್ಪನ ಮುಖ ಅರಳಿತು. "ಲೇ ತಮ್ಮಾ, ನೀ ಇಲ್ಲಿದ್ದೀಯೇನು?" ಎಂದ.

ಅಪ್ಪನಿಗೆ ಒಬ್ಬ ತಮ್ಮ ಇದ್ದದ್ದು ನಿಜ. ನಾನು ಹುಟ್ಟುವ ಮೊದಲೇ, ತನ್ನ ಮದುವೆಯಾದ ಹೊಸತರಲ್ಲೇ, ಜ್ವರ ಬಂದು ತೀರಿಕೊಂಡಿದ್ದನಂತೆ. ನಾನು "ಅಪ್ಪಾ, ಇವರು..." ಎನ್ನುವಷ್ಟರಲ್ಲಿ ಕಾಕಾ ಕನ್ನಡಿಯಲ್ಲಿ ಒಮ್ಮೆ ನನ್ನನ್ನು ನೋಡಿ, ಕೊರಳಿನ ಟವೆಲ್ಲು ತೆಗೆದು ಹಿಂದಿನ ಸೀಟಿಗೆ ಹಾಸಿದರು. "ಇಲ್ಲೇ ಅದೇನಿ ಅಣ್ಣಾ. ಕುಂದ್ರು, ಹೋಗೂಣು."

ಅಪ್ಪ ಕುಳಿತ. ಅವತ್ತಿನಿಂದ ದಿನಾ ಕುಳಿತ. ಶಿಗ್ಗಾವಿ ಸ್ಟ್ಯಾಂಡಿನಲ್ಲಿ ಹಿರೇಬೆಂಡಿಗೇರಿಯ ಗಾಡಿ ಕಂಡರೆ ಎದ್ದು ನಿಲ್ಲುತ್ತಿದ್ದ. ಕಾಕಾ ಮಾತ್ರ ಏನಾದರೊಂದು ಹೇಳಿ ಕೂರಿಸುತ್ತಿದ್ದರು: ಹೊಲಕ್ಕೆ ನೀರು ಬಿಟ್ಟು ಬಂದೇನಿ ಅಣ್ಣಾ, ನಾಳೆ ಹೋಗೂಣು, ಎತ್ತಿಗೆ ಲಾಳ ಬಡಿಸಬೇಕು, ನಾಡಿದ್ದು ಹೋಗೂಣು. ಒಮ್ಮೆ ನಾನು ಸ್ಟ್ಯಾಂಡಿನ ಕಂಟ್ರೋಲರ್ ಹತ್ತಿರ ಗಾಡಿಯ ಎಂಟ್ರಿ ಹಾಕಿಸಲು ಕೆಳಗಿಳಿದಿದ್ದೆ, ಅಪ್ಪ ಒಳಗಿನಿಂದ ಖಡಕ್ಕಾಗಿ "ರೈಟ್!" ಎಂದ. ಕಾಕಾ ಗೇರು ಹಾಕಿ ಹೊರಟೇಬಿಟ್ಟರು. ಚೀಲ ಹಿಡಿದು ಸ್ಟ್ಯಾಂಡಿನ ತುಂಬ ಓಡಿದೆ, ಬಸ್ಸಿನ ಮಂದಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅಪ್ಪನೂ ನಕ್ಕ. ಅವನು ನಕ್ಕಿದ್ದನ್ನು ನೋಡಿ ನನಗೆ ಬೈಯಲೂ ಆಗಲಿಲ್ಲ.

ಸಂತೋಷವೇ ಆಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಹೊಟ್ಟೆಯಲ್ಲಿ ಸಣ್ಣ ಉರಿಯೂ ಇತ್ತು. ಹೆತ್ತ ಮಗಳನ್ನು ಅಪ್ಪ, ಯಾರೋ ಮೇಡಮ್ಮನ್ನು ಕರೆದ ಹಾಗೆ, "ಕಂಡಕ್ಟರ್ ಬಾಯಾರ" ಎನ್ನುತ್ತಿದ್ದ. "ಎರಡು ಟಿಕೀಟು ಕೊಡ್ರಿ ಬಾಯಾರ, ನಂದೊಂದು, ನಮ್ಮ ತಮ್ಮಂದೊಂದು." ಡ್ರೈವರಿಗೆ ಎಲ್ಲಾದರೂ ಟಿಕೀಟು ಕೊಡುತ್ತಾರೇನು? ಯಾರೋ ಒಬ್ಬರು ತಮ್ಮ, ಹಗಲೂ ರಾತ್ರಿ ಮಾಡುವ ನಾನು ಬಾಯಾರು. ಅತ್ತರೆ ನಗೆಪಾಟಲು, ನಕ್ಕರೆ ಅಳು ಬರುತ್ತಿತ್ತು.

ಕಾಕಾನದೂ ಒಂದು ಒಗಟು. ಅವರ ಊರು ರಟ್ಟೀಹಳ್ಳಿಯ ಹತ್ತಿರದ ಹಳ್ಳಿ. ಅಷ್ಟು ದೂರದವರೆಲ್ಲ ದಿನಾ ಮನೆಗೆ ಹೋಗಿ ಬರುತ್ತಿದ್ದರು. ಕಾಕಾ ಡಿಪೋದಲ್ಲೇ ಮಲಗುತ್ತಿದ್ದರು. ವಾರದ ರಜೆ ಬಂದರೆ ಇನ್ನೊಬ್ಬರ ಡ್ಯೂಟಿ ಕೇಳಿ ಪಡೆಯುತ್ತಿದ್ದರು. "ಕಾಕಾ, ಕಾಕು ಲಟ್ಟಣಿಗಿ ಹಿಡಕೊಂಡು ಕುಂತಾಳೇನ್ರಿ?" ಎಂದು ಹುಡುಗರು ಅವರ ಹೆಂಡತಿಯ ಮಾತೆತ್ತಿ ಚಾಷ್ಟಿ ಮಾಡಿದರೆ, "ಹೂಂ ನೋಡಪಾ, ಬಾಳ ಜೋರ ಅದಾಳ" ಎಂದು ತಾವೂ ನಗುತ್ತಿದ್ದರು. ಮನೆಯಲ್ಲಿ ವಯಸ್ಸಾದ ತಾಯಿ ಇದ್ದಾರೆಂದು ನಮಗೆ ಗೊತ್ತಿತ್ತು. ಪಗಾರದ ದಿನ ಆಕೆಗೆ ಇಷ್ಟವೆಂದು ಸವಣೂರಿನ ಖಾರಾ ಕಟ್ಟಿಸಿ, ಆ ಕಡೆ ಹೋಗುವವರ ಕೈಯಲ್ಲಿ ಕಳಿಸುತ್ತಿದ್ದರು. ತಾವು ಮಾತ್ರ ಹೋಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ಸವಣೂರಿನಲ್ಲಿ ಗಾಡಿ ನಿಂತಿತ್ತು, ಕಾಕಾನ ಫೋನು ಬಡಿಯಿತು. ನೋಡಿದವರೇ ಅದನ್ನು ನನ್ನ ಕೈಗೆ ತುರುಕಿ, "ನೀ ಮಾತಾಡವಾ" ಎಂದು ದೂರ ಸರಿದರು. ಆ ಕಡೆಯಿಂದ ಮುದುಕಿಯ ದನಿ: "ನನ್ನ ಮಗಾ ಎಲ್ಲೆದಾನ? ಯಾಕ ಬರವಲ್ಲ?" ಮಗ ನನ್ನೆದುರಿಗೇ ಟಯರಿಗೆ ಒರಗಿ ನಿಂತಿದ್ದಾರೆ. "ಗಾಡಿ ಮ್ಯಾಲ ಅದಾರ್ರಿ ಅವ್ವಾರ, ಬಂದ ಮ್ಯಾಲ ಹೇಳ್ತೇನ್ರಿ" ಎಂದೆ. ಫೋನು ಕೊಟ್ಟು ಮುಖ ಗಂಟು ಹಾಕಿಕೊಂಡೇ ಕೇಳಿದೆ, ಇದೇನು ಕಾಕಾ, ಹೆತ್ತ ತಾಯಿಯ ಸಂಗಡ ಮಾತಾಡಲಿಕ್ಕೆ ಏನು ಧಾಡಿ ಎಂದು.

ಬಾಯೊಳಗಿನ ಎಲೆ ಉಗುಳಿ ಬಂದು ಹೇಳಿದರು. ಅವರ ಅಪ್ಪ ಹೆಂಡತಿಯನ್ನು ದನಕ್ಕೆ ಬಡಿದಂತೆ ಬಡಿಯುತ್ತಿದ್ದ ಮನುಷ್ಯ. ಸತ್ತು ಮೂವತ್ತು ವರ್ಷವಾಗಿತ್ತು. ತಾಯಿಗೂ ನಮ್ಮಪ್ಪನ ಹಾಗೆಯೇ ಮರವು ಬಂತು. ವಯಸ್ಸಾಗುತ್ತ ಬಂದ ಹಾಗೆ ಕಾಕಾನ ಮುಖ ತಂದೆಯ ಮುಖವೇ ಆಗಿತ್ತು. ಅದೇ ಮೀಸೆ, ಅದೇ ದನಿ. ಮಗ ಬಾಗಿಲಲ್ಲಿ ನಿಂತರೆ ಆಕೆ ಗಂಡ ಬಂದನೆಂದು ಚೀರಿ, ಎರಡೂ ಕೈಯಿಂದ ತಲೆ ಮುಚ್ಚಿಕೊಂಡು ಮೂಲೆ ಸೇರುತ್ತಿದ್ದಳಂತೆ. ಮೀಸೆ ಬೋಳಿಸಿ ಹೋಗಿ ನೋಡಿದರಂತೆ. ದನಿಯನ್ನು ಎಲ್ಲಿ ಬೋಳಿಸುವುದು? "ನಾ ಮನ್ಯಾಗಿದ್ರ ಆಕಿ ತುತ್ತು ಕೂಳು ತಿನ್ನೂದಿಲ್ಲವಾ. ನಾ ಇಲ್ಲಂದ್ರ, ಮಗಾ ಯಾಕ ಬರವಲ್ಲ ಅಂತ ಕೂಗತಾಳ. ಹ್ಯಾಂಗ ಮಾಡ್ಲಿ, ನೀನ ಹೇಳು." ಚಹಾ ತರಿಸಿದೆ, ಕುಡಿದೆವು, ಗಾಡಿ ಬಿಡುವ ಹೊತ್ತಾಯಿತು.

ಅದಾದ ಸ್ವಲ್ಪ ದಿನಕ್ಕೆ ಅಪ್ಪ ಹಟ ಹಿಡಿದ. ತಮ್ಮ ತನ್ನನ್ನು ಮನೆಗೆ ಕರೆಯಲಿಲ್ಲವೆಂದು ಸಿಟ್ಟು. "ಮದಿವಿ ಆಗಿ ಇಷ್ಟ ದಿನಾ ಆತು. ಅಣ್ಣಗ ಒಂದ ತುತ್ತು ಅನ್ನ ಹಾಕಬೇಕಂತ ಇವಂಗ ಅನಸವಲ್ದು." ಬಸ್ಸು ಹತ್ತಲೊಲ್ಲ, ಊಟ ಒಲ್ಲ. ಎರಡು ದಿನ ರಜೆ ಹಾಕಿದೆ. ಮೂರನೇ ದಿನ ಮೇಲಿನವರು ಮುಖ ಸಿಂಡರಿಸಿದರು. ಮನೆಯಲ್ಲಿ ಮಗಳಿಗೆ ಪರೀಕ್ಷೆ, ಗಂಡ ಮಾತಾಡದೆ ತಿರುಗುತ್ತಿದ್ದ. ಕೊನೆಗೆ ಕಾಕಾನೇ, "ಆತು, ರಜಾ ದಿನ ಕರಕೊಂಡು ಹೋಗೂಣು. ನೀವು ಒಳಗ ಹೋಗ್ರಿ, ನಾ ಹೊರಗ ನಿಂದರ್ತೇನಿ" ಎಂದರು.

ಹೋದೆವು. ಅವರ ಮನೆಯ ಪಡಸಾಲೆಯಲ್ಲಿ ಹೊರಸಿನ ಮೇಲೆ ಹಿಡಿಯಷ್ಟು ಮುದುಕಿ ಕುಳಿತಿದ್ದರು. ಕಾಕು ನಮಗೆ ಕಂಬಳಿ ಹಾಸಿದರು. ಅಪ್ಪ ಅರ್ಧ ಕುಳಿತವನು ಎದ್ದ. "ತಮ್ಮ ಎಲ್ಲಿ?" ಎನ್ನುತ್ತ ಹೊರಗೆ ಹೋಗಿ, ಗೋಡೆಯ ಮರೆಯಲ್ಲಿ ನಿಂತಿದ್ದ ಕಾಕಾನ ರಟ್ಟೆ ಹಿಡಿದು ಎಳೆದುಕೊಂಡೇ ಬಂದ. ಕಾಕಾ "ಬ್ಯಾಡ ಅಣ್ಣಾ, ಬ್ಯಾಡ" ಎನ್ನುತ್ತಿದ್ದರು. ಆ ದನಿ ಕೇಳಿದ್ದೇ ತಡ, ಮುದುಕಿ ಚೀರಿ ಕಾಕುವಿನ ಸೀರೆ ಹಿಡಿದು, ಎರಡೂ ತೋಳಿನಲ್ಲಿ ತಲೆ ಮುಚ್ಚಿಕೊಂಡರು. ಅಪ್ಪನನ್ನು ಎಳೆದುಕೊಂಡು ಓಡಬೇಕೆಂದು ಎದ್ದೆ.

ಅಪ್ಪ ಮಾತ್ರ ಕಾಕಾನ ಕೈ ಬಿಡಲಿಲ್ಲ. ಮುದುಕಿಯ ಎದುರಿಗೆ ಹೋಗಿ ಬಗ್ಗಿ ನಿಂತು, ಊರ ಹಿರಿಯನ ಗತ್ತಿನಲ್ಲಿ ಹೇಳಿದ:

"ಅಂಜಬ್ಯಾಡ ಯಕ್ಕಾ. ಇವ ನನ್ನ ತಮ್ಮ. ಸಣ್ಣಾಂವಿದ್ದಾಗಿಂದ ನಾ ಎತ್ತಿ ಆಡಿಸೇನಿ. ಯಾರ ಮ್ಯಾಲೂ ಕೈ ಎತ್ತಾಂವಲ್ಲ."

ಆಕೆ ತೋಳಿನ ಸಂದಿಯಿಂದ ನೋಡಿದರು. "ಖರೇನ? ನಿಮ್ಮ ತಮ್ಮೇನು? ಥೇಟ್ ನಮ್ಮ ಮನಿಯವರ ಗತೆ ಅದಾನಲ್ಲ..."

"ಇರಲಿ ಬಿಡವಾ. ಇವ ನನ್ನ ತಮ್ಮ."

"ಹಂಗಾರ ಕುಂದ್ರಪಾ," ಎಂದು ಆಕೆ ತೋಳು ಇಳಿಸಿದರು.

ಕಾಕಾ ತಮ್ಮದೇ ಮನೆಯಲ್ಲಿ ಕಂಬಳಿಯ ಅಂಚಿಗೆ ಬೀಗರ ಹಾಗೆ ಕುಳಿತರು. ಏನು ಉದ್ಯೋಗ ಎಂದು ತಾಯಿ ಕೇಳಿದರು. "ಗಾಡಿ ಹೊಡೀತೇನ್ರಿ." ಆಕೆಯ ಮುಖ ಬೆಳಗಿತು. "ನನ್ನ ಮಗಾನೂ ಗಾಡಿ ಹೊಡೀತಾನ. ಬಾಳ ದಿನಾ ಆತು ಬಂದಿಲ್ಲ. ಹಾದ್ಯಾಗ ಕಂಡ್ರ ಹೇಳಪಾ, ಅವ್ವ ಕರ್ಯಾಕತ್ತಾಳಂತ." ಕಾಕಾ ತಲೆ ಎತ್ತಲಿಲ್ಲ. "ಹೇಳ್ತೇನ್ರಿ" ಎಂದರು. ಕಾಕು ಮಜ್ಜಿಗೆ ತರುವೆನೆಂದು ಒಳಗೆ ಹೋದವರು ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ.

ಆಮೇಲೆ ಎಷ್ಟೋ ರಜಾ ದಿನ ನಾವು ಮೂವರೂ ಹೋದೆವು. ಅಪ್ಪ ಜಾಮೀನುದಾರ. ಅವನು ಮುಂದೆ, ಕಾಕಾ ಹಿಂದೆ. ಮುದುಕಿ ತನ್ನ ಮಗನ ಸುದ್ದಿಯನ್ನೆಲ್ಲ ಈ ಪರವೂರಿನ ಡ್ರೈವರನಿಗೆ ಹೇಳುತ್ತಿದ್ದರು. ಸಣ್ಣವನಿದ್ದಾಗ ಒಮ್ಮೆ ಬಾಗಿಲಿಗೆ ಅಡ್ಡ ನಿಂತು, ಕುಡಿದು ಬಂದ ಅಪ್ಪನನ್ನು ಒಳಗೆ ಬಿಡಲಿಲ್ಲವಂತೆ. ತಾನೇ ಹೊಡೆತ ತಿಂದನಂತೆ. ತಿರುಗಿ ಬರುವಾಗ ಕಾಕಾ, "ನನಗ ನೆನಪ ಇಲ್ಲವಾ. ಖರೇನೋ, ಆಕಿ ಕಟ್ಟಿ ಹೇಳ್ಯಾಳೋ" ಎಂದರು. ನನಗಂತೂ ತಲೆ ಗಿರ್ರೆನ್ನುತ್ತಿತ್ತು. ನಾವು ಆ ಜೀವಕ್ಕೆ ಮೋಸ ಮಾಡುತ್ತಿದ್ದೇವೋ, ಪುಣ್ಯ ಕಟ್ಟಿಕೊಳ್ಳುತ್ತಿದ್ದೇವೋ? ಮಗನನ್ನು ತಾಯಿಯ ಹತ್ತಿರ ತಂದೆವೋ, ಪರಕೀಯನನ್ನೋ? ಕೇಳಿದರೆ ಕಾಕಾ, "ಆಕಿ ಕೈಯಾಂದು ಮಜ್ಜಿಗಿ ಕುಡದೆ. ಸಾಕು" ಎನ್ನುತ್ತಿದ್ದರು.

ಮಳೆಗಾಲದಲ್ಲಿ ಅಪ್ಪ ಬಚ್ಚಲಲ್ಲಿ ಜಾರಿ ಬಿದ್ದು ಟೊಂಕ ಮುರಿದುಕೊಂಡ. ಮತ್ತೆ ಏಳಲಿಲ್ಲ. ನಾನು ಸಂಬಳವಿಲ್ಲದ ರಜೆ ಹಾಕಿ ಕುಳಿತೆ. ಅತ್ತ ಕಾಕಾ ಧೈರ್ಯ ಮಾಡಿ ಒಬ್ಬರೇ ಊರಿಗೆ ಹೋಗಿ, ಬಾಗಿಲಲ್ಲೇ ನಿಂತು, "ನಾ ಅವರ ತಮ್ಮ್ರಿ, ಗಾಡಿ ಹೊಡಿಯಾಂವ" ಎಂದರಂತೆ. ತಾಯಿ ಅಂಜಲಿಲ್ಲವಂತೆ. ಗುರುತು ಹಿಡಿದು, ಅಣ್ಣ ಎಲ್ಲಿ ಎಂದು ಕೇಳಿದರಂತೆ. ಬಿದ್ದು ಹಾಸಿಗೆ ಹಿಡಿದಿದ್ದಾನೆ ಎಂದಾಗ ಮಾತ್ರ ಸಿಟ್ಟಿಗೆದ್ದರಂತೆ. "ಅಣ್ಣ ನೆಲಾ ಹಿಡದಾನ, ನೀ ಇಲ್ಲೇನ ಮಾಡಾಕತ್ತಿ? ಹೋಗು, ಅವನ ಕಡೆ ಇರು. ಅಂವ ಎದ್ದ ಮ್ಯಾಲ ಇಬ್ಬರೂ ಕೂಡಿ ಬರ್ರಿ."

ತಾಯಿಯ ಮಾತು. ಕಾಕಾ ನೀರು ಸುದ್ದಾ ಕುಡಿಯದೆ ನೆಟ್ಟಗೆ ನಮ್ಮ ಮನೆಗೆ ಬಂದರು. ರಾತ್ರಿ ಗಾಡಿಯ ಡ್ಯೂಟಿ ಕೇಳಿ ಪಡೆದರು. ಡ್ಯೂಟಿ ಮುಗಿದರೆ ನಮ್ಮ ಮನೆ, ರಜೆ ಬಂದರೆ ನಮ್ಮ ಮನೆ. ಅಪ್ಪನ ಮಗ್ಗುಲು ತಿರುಗಿಸುವುದು, ಗಡ್ಡ ಹೆರೆಯುವುದು, ಗಂಜಿ ಕುಡಿಸುವುದು. "ಕಾಕಾ, ನೀವು ಊರಿಗೆ ಹೋಗ್ರಿ, ನಾನು ನೋಡ್ಕೋತೇನಿ" ಎಂದು ಎಷ್ಟು ಸಲ ಹೇಳಿದೆ. "ಹೋದ್ರ ಬೈತಾಳವಾ" ಎನ್ನುವರು. ಅವರು ಬಂದದ್ದರಿಂದಲೇ ನಾನು ಮತ್ತೆ ಡ್ಯೂಟಿಗೆ ಹೋಗಲು ಸಾಧ್ಯವಾಯಿತು. ನನ್ನ ನೌಕರಿ ಉಳಿದದ್ದು ಆ ಮುದುಕಿಯ ಬೈಗುಳದಿಂದ ಎಂದರೆ ಯಾರು ನಂಬುತ್ತಾರೆ?

ದೀಪಾವಳಿಯ ಹಿಂದುಮುಂದು. ನನಗೆ ರಜೆ. ಬೆಳಗಿನ ಹತ್ತರ ಬಿಸಿಲು ಅಪ್ಪನ ಹಾಸಿಗೆಯವರೆಗೆ ಬಂದಿತ್ತು. ಕಾಕಾ ಅವನ ತಲೆ ಎತ್ತಿ ಹಿಡಿದು ನೀರು ಕುಡಿಸುತ್ತಿದ್ದಾಗ ಫೋನು ಬಂತು. ಕಾಕುವಿನದು. ಈ ಸಲ ಫೋನನ್ನು ನನಗೆ ಕೊಡಲಿಲ್ಲ. ಕೇಳಿಸಿಕೊಂಡರು, ಕೆಳಗಿಟ್ಟರು. ಲೋಟದಲ್ಲಿ ಉಳಿದ ನೀರನ್ನೂ ಅಪ್ಪನಿಗೆ ಕುಡಿಸಿ, ತಲೆಯನ್ನು ಮೆಲ್ಲಗೆ ದಿಂಬಿಗೆ ಇಳಿಸಿ, "ಅವ್ವ ಹೋದ್ಲಂತ" ಎಂದರು.

ನನಗೆ ಹೇಳಿದ್ದು. ಆದರೆ ಕೇಳಿಸಿಕೊಂಡವನು ಅಪ್ಪ. "ಯಾರು ಹೋದ್ರು ತಮ್ಮಾ?"

"ಅವ್ವ, ಅಣ್ಣಾ."

"ನಮ್ಮವ್ವನ?"

ಕಾಕಾ ನನ್ನ ಕಡೆ ನೋಡಿದರು. ಆಮೇಲೆ ಅಪ್ಪನ ಕಡೆ ತಿರುಗಿ, "ಹೂಂ ಅಣ್ಣಾ, ನಮ್ಮವ್ವ" ಎಂದರು.

ಅಪ್ಪ ಅತ್ತ. ನನ್ನ ಅವ್ವ ತೀರಿಕೊಂಡಾಗಲೂ ಹಾಗೆ ಅತ್ತಿರಲಿಲ್ಲ. "ಯವ್ವಾ, ಕಡೀಕ ನೀರು ಬಿಡಾಕೂ ನಾ ಇರಲಿಲ್ಲಲ್ಲೋ" ಎಂದು ಕಾಕಾನ ಕೊರಳಿಗೆ ಕೈ ಹಾಕಿಕೊಂಡು ಅತ್ತ. ಕಾಕಾನ ಎದೆಯೊಳಗಿನ ಮಾತನ್ನೆಲ್ಲ ಇವನೇ ಆಡಿ ಮುಗಿಸುತ್ತಿದ್ದ. ಕಾಕಾ ಸದ್ದಿಲ್ಲದೆ ಅಳುತ್ತಿದ್ದರು. ಅದು ನಿನ್ನ ಅವ್ವ ಅಲ್ಲಪ್ಪಾ ಎಂದು ಹೇಳಬೇಕೋ ಬೇಡವೋ ತಿಳಿಯದೆ ನಾನು ಬಾಗಿಲು ಹಿಡಿದು ನಿಂತಿದ್ದೆ. ಕೊನೆಗೆ, "ಕಾಕಾ, ಏಳ್ರಿ, ಮಣ್ಣಿಗೆ ಹೊತ್ತಾಗ್ತದ" ಎಂದು ಅವರನ್ನು ನಾನೇ ಎಬ್ಬಿಸಿ ಕಳಿಸಿದೆ.

ಸಂಕ್ರಾಂತಿಗೆ ಮೊದಲು ಅಪ್ಪನೂ ಹೋದ. ಕಾಕಾ ರಿಟೈರಾಗಿ ಊರು ಸೇರಿದರು. ಹಬ್ಬಕ್ಕೊಮ್ಮೆ ಫೋನು ಮಾಡುತ್ತಿದ್ದೆ, ಆಮೇಲೆ ಅದೂ ಕಡಿಮೆಯಾಯಿತು... ನನಗೂ ಸಂಸಾರ, ಮಗಳ ಮದುವೆ, ಅತ್ತೆಯ ಮೊಣಕಾಲು.

ಹೋದ ಬೇಸಿಗೆಯಲ್ಲಿ ಕಾಕಾ ತೀರಿಕೊಂಡರು. ಸುದ್ದಿ ಮುಟ್ಟುವಷ್ಟರಲ್ಲಿ ಮಣ್ಣಾಗಿತ್ತು. ಮಾತಾಡಿಸಲು ಹೋದೆ. ಕಾಕು ನನ್ನ ಕೈ ಹಿಡಿದುಕೊಂಡು ಹೇಳಿದರು, ಕೊನೆಕೊನೆಗೆ ಅವರಿಗೂ ಮರವು ಬಂದಿತ್ತಂತೆ. ಮಕ್ಕಳ ಗುರುತು ಹತ್ತುತ್ತಿರಲಿಲ್ಲ, ಹೆಂಡತಿಯ ಗುರುತೂ ಹತ್ತುತ್ತಿರಲಿಲ್ಲವಂತೆ. "ಒಂದ ಸವನ ಬಾಗಲಾ ನೋಡತಿದ್ರವಾ. ಅಣ್ಣ ಬಂದ್ನೇನು, ಅಣ್ಣ ಇನ್ನೂ ಯಾಕ ಬರಲಿಲ್ಲ ಅಂತ."

ಕಾಕಾ ತಾಯಿಗೆ ಒಬ್ಬರೇ ಮಗ. ಅವರಿಗೆ ಅಣ್ಣ ಯಾರೂ ಇರಲಿಲ್ಲ.

"ನೀವೇನಂದ್ರಿ ಕಾಕು?" ಎಂದು ಕೇಳಿದೆ.

"ಏನನ್ಲಿ? ಹೊಲಕ್ಕ ಹೋಗ್ಯಾನ, ಬರ್ತಾನ ಅಂದೆ" ಎಂದು ಕಾಕು ಕಣ್ಣೊರೆಸಿಕೊಂಡರು. ನಾನು ಆ ಪಡಸಾಲೆಯಲ್ಲಿ ಕುಳಿತು ಮನಸಾರೆ ಅತ್ತೆ. ಯಾರಿಗಾಗಿ ಅತ್ತೆನೆಂದು ಈಗ ಕೇಳಿದರೂ ನನಗೆ ಹೇಳಲು ಬರುವುದಿಲ್ಲ.